ರೋಗಿಯ ಮಾತು, ವೈದ್ಯನ ಕಿವಿ

ಕನ್ನಡದ ಅಧ್ಯಾಪಕನಿಗೆ ವೈದ್ಯಶಿಕ್ಷಣದ ಗೊಡವೆ ಏಕೆಂದು ವಾಚಕರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ನಾಡಿ ಹಿಡಿಯುವುದಾಗಲಿ ಮದ್ದು ಬರೆಯುವುದಾಗಲಿ ನನ್ನ ವಿಷಯವಲ್ಲ. ಅವನ್ನು ನಮ್ಮ ಕಾಲೇಜುಗಳು ಚೆನ್ನಾಗಿ ಕಲಿಸುತ್ತಿವೆಯೆಂದೇ ನಂಬಿದ್ದೇನೆ. ಆದರೆ ವೈದ್ಯನ ಕೆಲಸ ಮೊದಲಾಗುವುದು ನಾಡಿಯಿಂದಲ್ಲ, ಮಾತಿನಿಂದ. “ಏನಾಗಿದೆಯಮ್ಮ?” ಎಂದು ಕೇಳಿದ ಮೇಲೆ ಬರುವ ಉತ್ತರ ನಮ್ಮ ನಾಡಿನಲ್ಲಿ ಬಹುಮಟ್ಟಿಗೆ ಕನ್ನಡದಲ್ಲಿರುತ್ತದೆ. ಅಷ್ಟರಮಟ್ಟಿಗೆ ಅದು ನನ್ನ ವಿಷಯವೂ ಹೌದು.

ನಾಲ್ಕೂವರೆ ವರ್ಷದ ವ್ಯಾಸಂಗ, ಅದರ ಮೇಲೆ ಒಂದು ವರ್ಷದ ಇಂಟರ್ನ್‌ಷಿಪ್. ನಿನ್ನೆಯವರೆಗೆ ಬೆನ್ನ ಹಿಂದೆ ಪ್ರಾಧ್ಯಾಪಕರಿದ್ದರು. ಇಂದು ಯಾವುದೋ ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೇಜು, ಕುರ್ಚಿ, ಬಾಗಿಲಾಚೆಗೆ ಸಾಲು. ಬಯಲುಸೀಮೆಯಲ್ಲಿ 30,000 ಜನಕ್ಕೆ ಇಂಥದೊಂದು ಕೇಂದ್ರವೆಂಬುದು ಸರ್ಕಾರದ ಲೆಕ್ಕಾಚಾರ. ವೈದ್ಯ ಪದವೀಧರರು ಒಂದು ವರ್ಷ ಸರ್ಕಾರಿ ಸೇವೆ ಮಾಡಬೇಕೆಂದು ಕರ್ನಾಟಕವು 2012ರಲ್ಲಿ ಕಾಯಿದೆಯನ್ನೇ ಮಾಡಿತು; ಅನಂತರ ವ್ಯಾಜ್ಯಗಳೂ ತಿದ್ದುಪಡಿಗಳೂ ಬಂದುವು. ಹಳ್ಳಿಗೆ ಹೋಗಬೇಕೆ ಬೇಡವೆ ಎಂಬ ಬಗ್ಗೆ ನಡೆದಷ್ಟು ಚರ್ಚೆ, ಹೋದವರು ಅಲ್ಲಿ ಏನನ್ನು ಕೇಳಿಸಿಕೊಳ್ಳಬಲ್ಲರು ಎಂಬ ಬಗ್ಗೆ ನಡೆಯಲಿಲ್ಲ.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮಂಡ್ಯದ ಕಡೆಯವಳು. ಮೊದಲ ಕೆಲಸಕ್ಕೆ ಬೆಳಗಾವಿ ಜಿಲ್ಲೆಗೆ ಹೋದಳು. “ಹೊಟ್ಟಿ ಕಡೀತೈತ್ರೀ” ಎಂದ ಮುದುಕನ ಅಂಗಿ ಎತ್ತಿಸಿ, ಚರ್ಮದಲ್ಲಿ ಗಂಧೆಗಳನ್ನು ಹುಡುಕಿದಳಂತೆ. ಅವಳ ಸೀಮೆಯಲ್ಲಿ ಕಡಿತವೆಂದರೆ ನವೆ. ಅವನ ಸೀಮೆಯಲ್ಲಿ ಒಳಗಿನ ನೋವು. ಪಕ್ಕದಲ್ಲಿದ್ದ ದಾದಿ ನಕ್ಕು ತಿದ್ದಿದಳು. ಅವಳಿಲ್ಲದಿದ್ದರೆ ಮುದುಕನಿಗೆ ಹಚ್ಚಿಕೊಳ್ಳುವ ಮುಲಾಮು ಸಿಗುತ್ತಿತ್ತು. ಮೈಸೂರು ಸೀಮೆಯಲ್ಲಿಯೇ ಹೆಂಗಸೊಬ್ಬಳು “ಹೊರಗೆ ಹೋಗಿ ನಾಲ್ಕು ದಿನವಾಯಿತು” ಎಂದರೆ ಮಲಬದ್ಧತೆ. “ಹೊರಗಾಗಿ ಎರಡು ತಿಂಗಳಾಯಿತು” ಎಂದರೆ ಬಸಿರಿನ ಸುಳಿವು. ಒಂದು ಕ್ರಿಯಾಪದದ ಅಂತರ! ಸಂಕಟ, ಉರಿ, ಸೆಳೆತ, ನುಲಿತ, ಜೋಮು: ಇವನ್ನೆಲ್ಲ ‘ಪೇನ್’ ಎಂಬ ಒಂದೇ ಚೀಲಕ್ಕೆ ತುಂಬಿದವನು ಅರ್ಧ ರೋಗವನ್ನು ಹೊರಗೇ ಬಿಟ್ಟಂತೆ. ನಾಚಿಕೆಯಿಂದ ಸುತ್ತಿ ಬಳಸಿ ಆಡುವ ಮಾತನ್ನಂತೂ ಕೇಳುವುದೇ ಬೇಡ.

ದೋಷ ಆ ಹುಡುಗಿಯದಲ್ಲ. ಅವಳನ್ನು ತಯಾರು ಮಾಡಿದ ಪರೀಕ್ಷೆಯನ್ನು ನೋಡಿ. ಸ್ನಾತಕೋತ್ತರ ಪ್ರವೇಶಕ್ಕೆ ಮೂರೂವರೆ ಗಂಟೆಯಲ್ಲಿ 200 ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಉತ್ತರ. ಅಲ್ಲಿ ಬರುವ ರೋಗಿಗೆ ವಯಸ್ಸು, ಲಕ್ಷಣ, ರಕ್ತಪರೀಕ್ಷೆಯ ಫಲಿತಾಂಶ ಎಲ್ಲವೂ ಕ್ರಮವಾಗಿ ಇಂಗ್ಲಿಷಿನಲ್ಲಿ ಸಿದ್ಧವಾಗಿರುತ್ತವೆ. ಅವನು ಮಗಳ ಮದುವೆಯ ಸಾಲದ ಮಾತೆತ್ತುವುದಿಲ್ಲ. ನಮ್ಮ ತರಗತಿಯ ಭಾಷೆಯಲ್ಲಿ ಹೇಳುವುದಾದರೆ ಅದು ಗೈಡಿನ ಸಾರಾಂಶ. ಕೇಂದ್ರದ ಬಾಗಿಲಿಗೆ ಬರುವ ರೋಗಿಯಾದರೋ ಮೂಲಪಾಠ: ಅಧ್ಯಾಹಾರಗಳಿವೆ, ಪುನರುಕ್ತಿಗಳಿವೆ, ಮುಖ್ಯ ಸಂಗತಿ ಬಾಗಿಲು ದಾಟುವಾಗ ಕೊನೆಯ ವಾಕ್ಯದಲ್ಲಿ ಬರುತ್ತದೆ. ಸಾರಾಂಶ ಓದಿ ಉತ್ತೀರ್ಣನಾದವನ ಕೈಗೆ ಮೂಲಗ್ರಂಥವನ್ನು ಕೊಟ್ಟರೆ ಏನಾಗುವುದೆಂದು ನಾವು ಕನ್ನಡದ ಮೇಷ್ಟರು ದಿನವೂ ಕಾಣುತ್ತೇವೆ. ಮೂಲವನ್ನು ಓದಲು ಕಲಿಯಬೇಕಾದದ್ದು ಇಂಟರ್ನ್‌ಷಿಪ್‌ನ ವರ್ಷದಲ್ಲಿ. ಅದರ ಬಹುಪಾಲು ರಕ್ತ ತೆಗೆಯುವುದರಲ್ಲಿ, ಚೀಟಿ ಹಿಡಿದು ಓಡಾಡುವುದರಲ್ಲಿ, ಉಳಿದದ್ದು ಅದೇ 200 ಪ್ರಶ್ನೆಗಳ ಸಿದ್ಧತೆಯಲ್ಲಿ ಕಳೆಯುತ್ತದೆಂದು ಹುಡುಗರೇ ಹೇಳುತ್ತಾರೆ.

ಸುಧಾರಣೆ ಆಗಿಲ್ಲವೆಂದಲ್ಲ. 2019ರಲ್ಲಿ ಬಂದ ಹೊಸ ಪಠ್ಯಕ್ರಮದಲ್ಲಿ ನಡವಳಿಕೆ, ನೀತಿ, ಸಂವಹನಗಳಿಗೆ ಸ್ಥಾನ ದೊರಕಿದೆ. ಮೊದಲ ವರ್ಷದ ಆರಂಭದಲ್ಲಿಯೇ ಸ್ಥಳೀಯ ಭಾಷೆಯ ಪರಿಚಯವೂ ಇದೆ. ಒಳ್ಳೆಯದು. ಆದರೆ ರೋಗಿಯನ್ನೇ ಕಾಣದ ವಿದ್ಯಾರ್ಥಿಗೆ ರೋಗಿಯ ಭಾಷೆ ಕಲಿಸಿದರೆ ಎಷ್ಟು ನಿಂತೀತು? ಮೇಲಾಗಿ ಕನ್ನಡಿಗರ ಮಕ್ಕಳಿಗೆ ಇದು ಬೇಕಿಲ್ಲವೆಂಬ ಭಾವನೆ ಬೇರೆ. ನಗರದ ಇಂಗ್ಲಿಷ್ ಶಾಲೆಯಿಂದ ಬಂದ ಕನ್ನಡದ ಹುಡುಗನಿಗೆ ‘ಜಡ್ಡು’ ಎಷ್ಟು ಅಪರಿಚಿತವೋ ದಿಲ್ಲಿಯಿಂದ ಬಂದವನಿಗೂ ಅಷ್ಟೇ.

ವಿದ್ಯಾರ್ಥಿಗಳು ವಾರ್ಡಿನಲ್ಲಿ ಬರೆಯುವ ಕೇಸ್‌ಶೀಟಿನ ಆರಂಭದಲ್ಲಿ ರೋಗಿಯ ಮುಖ್ಯ ದೂರನ್ನು ಅವನದೇ ಮಾತಿನಲ್ಲಿ ದಾಖಲಿಸಬೇಕೆಂದು ವೈದ್ಯಶಾಸ್ತ್ರವೇ ವಿಧಿಸುತ್ತದೆ. ಬರೆಯುವುದು ಮಾತ್ರ ಇಂಗ್ಲಿಷಿನಲ್ಲಿ! ಆ ಸಾಲನ್ನಾದರೂ ರೋಗಿ ಆಡಿದಂತೆಯೇ ಕನ್ನಡ ಅಕ್ಷರದಲ್ಲಿ ಬರೆಸಿ, ಅದರ ಅರ್ಥವನ್ನು ವಿದ್ಯಾರ್ಥಿಯಿಂದ ಕೇಳಿ, ಅಂತಿಮ ಪರೀಕ್ಷೆಯಲ್ಲಿ ಅದಕ್ಕೆ ನಾಲ್ಕು ಅಂಕವಿಡಬಹುದು. ಆ ಸಾಲುಗಳನ್ನು ನೋಡಿಕೊಡಲು ಕನ್ನಡ ಅಧ್ಯಾಪಕರು ಬೇಕೆಂದು ಯಾವ ಕಾಲೇಜಾದರೂ ಕರೆದರೆ, ವಾರಕ್ಕೊಂದು ಮಧ್ಯಾಹ್ನ ನಾನು ಬಿಡುವಾಗಿದ್ದೇನೆ.