ಯಾರಿಗೋಸ್ಕರ ಯಾರು ಕಾಯ್ತಿದ್ದಾರೆ?

ಫೈನಲ್ ಇಯರ್ ಪ್ರಾಜೆಕ್ಟ್ ನೆನಪಿದೆಯಲ್ಲ? ನಾಲ್ಕು ಜನರ ಟೀಮ್. ಕೋಡ್ ಬರೆಯೋದು ಒಬ್ಬಳು, ರಿಪೋರ್ಟ್ ಬೈಂಡ್ ಮಾಡಿಸೋದು ಒಬ್ಬ, ಉಳಿದಿಬ್ಬರು ವೈವಾ ದಿನ ಹಾಜರ್. ಮಾರ್ಕ್ಸ್ ಮಾತ್ರ ಹೆಚ್ಚುಕಡಿಮೆ ಒಂದೇ.

ಶನಿವಾರ ಇಂಥ ಮಕ್ಕಳಿಗೆ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪಾಠ ಮಾಡ್ತೀನಿ. ಕೆಮಿಕಲ್ ಫ್ಯಾಕ್ಟರಿ ಕಟ್ಟೋದಕ್ಕೆ ಡ್ಯುಪಾಂಟ್‌ನವರು 1957ರ ಸುಮಾರಿಗೆ ರೂಪಿಸಿದ ಕ್ರಿಟಿಕಲ್ ಪಾತ್ ಲೆಕ್ಕ ಇದೆಯಲ್ಲ, ಪರೀಕ್ಷೆಯಲ್ಲಿ ಸಲೀಸಾಗಿ ಬಿಡಿಸ್ತಾರೆ. ನಿಮ್ಮ ಪ್ರಾಜೆಕ್ಟ್‌ಗೇ ಹಾಕಿ ಅಂದರೆ ತಬ್ಬಿಬ್ಬು. ಅದಕ್ಕೇ ಮನೆ ಮದುವೆ ಹಿಡಿದೆ. ಛತ್ರ ಸಿಗದೆ ತಾರೀಖು ಗಟ್ಟಿಯಾಗಲ್ಲ, ತಾರೀಖಿಲ್ಲದೆ ಪತ್ರಿಕೆ ಅಚ್ಚಾಗಲ್ಲ, ಪತ್ರಿಕೆಯಿಲ್ಲದೆ ಯಾರನ್ನೂ ಕರೆಯೋಕಾಗಲ್ಲ. ಛತ್ರ ತಡವಾದರೆ ಎಲ್ಲವೂ ತಡ. ಬ್ಲೌಸ್ ಹೊಲಿಸೋದು ನಾಲ್ಕು ದಿನ ಹಿಂದೆಮುಂದಾದರೂ ಮುಹೂರ್ತ ಕದಲಲ್ಲ. (‘ನಮ್ಮಮ್ಮನ್ನ ಕೇಳಿ ನೋಡಿ ಸಾರ್!’ ಅಂದಳು ಒಬ್ಬಳು.)

ಆಮೇಲೆ ಒಂದೇ ನಿಯಮ ಮಾಡಿದೆ. ವಾರಕ್ಕೊಮ್ಮೆ ಪ್ರತಿಯೊಬ್ಬರೂ ಎರಡು ಸಾಲು ಬರೀಬೇಕು: ನಾನು ಮುಗಿಸಿದ್ದೇನು, ಯಾರ ಕೆಲಸಕ್ಕಾಗಿ ಕಾಯ್ತಿದ್ದೀನಿ. ಮೂರನೇ ವಾರ ಒಂದು ಟೀಮ್‌ನಲ್ಲಿ ಮೂವರೂ ಬರೆದಿದ್ದು ಒಬ್ಬಳದೇ ಹೆಸರು. ಅವಳು ಓದಿ ಏನೂ ಅನ್ನಲಿಲ್ಲ. ‘ಡೇಟಾಬೇಸ್ ಭಾಗ ನಂಗೆ ಕೊಡೇ’ ಅಂತ ಒಬ್ಬ ಕೇಳಿದ್ದು ಅವತ್ತೇ.