ಪುಟ್ಟ ಮನೆಯೊಳಗಿನ ಹದಿನಾರು ಕೋಣೆಗಳು

‘ಕ್ಯಾಸಿನೊ’ ಎಂದೊಡನೆ ನಮಗೆ ನೆನಪಾಗುವುದು ಜೂಜಿನ ಅಡ್ಡೆ. ಇಟಾಲಿಯನ್ ಭಾಷೆಯಲ್ಲಿ ಆ ಪದದ ಮೂಲಾರ್ಥ ‘ಪುಟ್ಟ ಮನೆ’ ಎಂದಷ್ಟೇ. ಐರ್ಲೆಂಡಿನ ಡಬ್ಲಿನ್ ಬಳಿಯ ಮರೀನೊ ಎಸ್ಟೇಟಿನಲ್ಲಿ ಚಾರ್ಲ್‌ಮಾಂಟ್ ಪ್ರಭು 1750ರ ದಶಕದ ಕೊನೆಯಲ್ಲಿ ಕಟ್ಟಿಸಲು ತೊಡಗಿದ ಕಲ್ಲಿನ ವಿಹಾರಗೃಹಕ್ಕೆ ಈ ಹೆಸರು ಸಂದದ್ದು ಆ ಅರ್ಥದಲ್ಲಿ. ನಕ್ಷೆ ಬರೆದ ವಿಲಿಯಂ ಚೇಂಬರ್ಸ್ ಆ ನೆಲವನ್ನು ಕಣ್ಣಾರೆ ಕಂಡವನಲ್ಲ. ಕಾಗದದ ಮೇಲಿದ್ದುದನ್ನು ಕಲ್ಲಿಗಿಳಿಸಿದ್ದು ಶಿಲ್ಪಿ ಸೈಮನ್ ವಿಯರ್ಪಿಲ್‌ನ ಉಸ್ತುವಾರಿಯಲ್ಲಿ ದುಡಿದ ಕಲ್ಲುಕುಟಿಗರು.

ಹೊರಗೆ ನಿಂತವರಿಗೆ ಅದು ಒಂದೇ ಕೋಣೆಯ ದೇಗುಲದಂತೆ ತೋರುತ್ತದೆ. ಒಳಗಿರುವುದು ಮೂರು ಅಂತಸ್ತು, ಹದಿನಾರು ಕೋಣೆ! ಒಂದೇ ಕಿಟಕಿ ಹಲವು ಕೋಣೆಗಳಿಗೆ ಬೆಳಕು ಹಂಚುತ್ತದೆ. ಭವ್ಯವಾದ ಬಾಗಿಲಿನಲ್ಲಿ ತೆರೆಯುವುದು ಒಂದು ಭಾಗ ಮಾತ್ರ. ಚಾವಣಿಯ ಮೇಲೆ ಅಲಂಕಾರಕ್ಕೆಂದು ಇಟ್ಟಂತಿರುವ ಕಲ್ಲಿನ ಕಲಶಗಳು ವಾಸ್ತವವಾಗಿ ಹೊಗೆಗೂಡುಗಳು. ಕೆಲವು ಕಂಬಗಳು ಟೊಳ್ಳು. ಅವುಗಳೊಳಗೆ ಇಳಿಬಿಟ್ಟ ಸರಪಳಿಯಗುಂಟ ಮಳೆನೀರು ಸದ್ದಿಲ್ಲದೆ ಕೆಳಗಿಳಿಯುತ್ತದೆ.

ಈ ಜಾಣ್ಮೆಯನ್ನು ಮೆಚ್ಚದಿರಲು ಸಾಧ್ಯವಿಲ್ಲ. ಆದರೆ ಇಲ್ಲಿ ಮರೆಯಾದದ್ದು ಹೊಗೆ, ನೀರುಗಳಷ್ಟೇ ಅಲ್ಲವೆಂಬುದನ್ನೂ ನಾವು ಹೇಳಬೇಕು. ಅಡುಗೆಮನೆ ನೆಲಮಾಳಿಗೆಯಲ್ಲಿದೆ, ಒಲೆ ಉರಿಸಿದವರೂ ಪಾತ್ರೆ ತೊಳೆದವರೂ ಅಲ್ಲಿಯೇ. ಆ ಮನೆಯ ಪುಟ್ಟತನವೆಂಬುದು ಅದನ್ನು ನಡೆಸಿದ ದುಡಿಮೆಯನ್ನು ಕಾಣಗೊಡದೆ ಸಾಧಿಸಿದ ಸೊಗಸು.

ಹಾಗೆಂದು ಅದು ಅಳಿಯಬೇಕಿತ್ತೇ? 1920ರ ದಶಕದಲ್ಲಿ ಎಸ್ಟೇಟಿನ ದೊಡ್ಡ ಮನೆ ನೆಲಸಮವಾಯಿತು. ಆ ಜಮೀನಿನಲ್ಲಿ ಸಾಮಾನ್ಯರ ವಸತಿ ಬಡಾವಣೆ ಎದ್ದಿತು. ಆ ಬದಲಾವಣೆ ನ್ಯಾಯವಾದದ್ದೇ. ಆದರೂ ಹೊಸದಾಗಿ ತನ್ನ ಆಡಳಿತವನ್ನು ಕೈಗೆತ್ತಿಕೊಂಡ ಐರಿಷ್ ಸರಕಾರ 1930ರ ದಶಕದಲ್ಲಿ ಹಳೆಯ ಪ್ರಭುವೊಬ್ಬನ ಈ ವಿಲಾಸದ ಮನೆಯನ್ನು ತನ್ನ ರಕ್ಷಣೆಗೆ ತೆಗೆದುಕೊಂಡಿತು. ನಮ್ಮ ಅಭಿಪ್ರಾಯದಲ್ಲಿ ಎರಡು ನಿರ್ಧಾರಗಳೂ ಸರಿ, ಒಂದು ಇನ್ನೊಂದನ್ನು ಅಲ್ಲಗಳೆಯುವುದಿಲ್ಲ. ಕಟ್ಟಡವನ್ನು ಉಳಿಸುವುದೆಂದರೆ ಅದರ ಒಡೆಯನಿಗೆ ಕೈಮುಗಿಯುವುದಲ್ಲ. ಹೆಸರುಳಿಯದ ಕುಶಲಕರ್ಮಿಗಳ ಉಳಿಯ ಗುರುತು ಅಲ್ಲಿಯ ಪ್ರತಿಯೊಂದು ಕಲ್ಲಿನ ಮೇಲೂ ಇದೆ. ಕಟ್ಟಡ ಬಿದ್ದರೆ ಅವರ ಏಕೈಕ ಸಾಕ್ಷ್ಯವೂ ಬೀಳುತ್ತದೆ.

ಪುಣೆಯ ವಾಡೆಗಳ, ಹೈದರಾಬಾದಿನ ದೇವಡಿಗಳ ನಡುವೆ ಬಾಳುತ್ತಿರುವ ಕನ್ನಡಿಗರಾದ ನಮಗೆ ಈ ಮಾತು ದೂರದ್ದಲ್ಲ. ಹಳೆಯ ಮನೆಯೊಂದು ಉರುಳುವಾಗ ‘ಯಾರದೋ ಸಿರಿವಂತರದು, ಹೋದರೆ ಹೋಗಲಿ’ ಎನ್ನುವುದು ಸುಲಭ. ಉಳಿದಾಗ ಮುಂಭಾಗದ ಕೆತ್ತನೆಗೆ ಬಣ್ಣ ಬಳಿದು, ಹಿಂಭಾಗದ ಅಡುಗೆಮನೆಗೆ ಬೀಗ ಹಾಕುವುದೂ ಅಷ್ಟೇ ಸುಲಭ. ಉಳಿಸುವುದಾದರೆ ನೆಲಮಾಳಿಗೆಯ ಬಾಗಿಲನ್ನೂ ನೋಡುಗರಿಗೆ ತೆರೆದಿಡಬೇಕು.