ಚಳಿಗೆ ಸತ್ತರೆ ಪರಿಹಾರ, ಬಿಸಿಲಿಗೆ ಸತ್ತರೆ ಸಾಲ

ಶೀತ ದೇಶಗಳಲ್ಲಿ ಕೋಳಿ ಸಾಕುವವರಿಗೆ ಚಳಿಗಾಲದಲ್ಲಿ ಒಂದು ದೊಡ್ಡ ಚಿಂತೆ: ಕುಡಿಯುವ ನೀರು ರಾತ್ರೋರಾತ್ರಿ ಗಡ್ಡೆ ಕಟ್ಟಬಾರದು. ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಚಿಂತೆ ಇದರ ತದ್ವಿರುದ್ಧ. ಏಪ್ರಿಲ್-ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ. ಬಯಲಿನಲ್ಲಿಟ್ಟ ಕರೀ ಟ್ಯಾಂಕಿನ ನೀರು ಮಧ್ಯಾಹ್ನಕ್ಕೆ ಕುದಿಯಲಿಟ್ಟ ಎಸರಿನಂತೆ ಆಗಿರುತ್ತದೆ. ಗಡ್ಡೆ ಕಟ್ಟಿದ ನೀರನ್ನು ಕೋಳಿ ಕುಡಿಯಲಾರದು. ಕಾದ ನೀರನ್ನು ಕುಡಿಯಲೊಲ್ಲದು.

ಕೋಳಿ ಬೆವರುವುದಿಲ್ಲ. ಅದರ ಮೈಶಾಖವೇ 41-42 ಡಿಗ್ರಿ. ಬಾಯಿ ತೆರೆದು ತೇಕಿ, ಮೈಯೊಳಗಿನ ನೀರನ್ನು ಆವಿ ಮಾಡಿಯೇ ಅದು ತಂಪಾಗಬೇಕು. ಸಾಧಾರಣ ದಿನಗಳಲ್ಲಿ ತಿಂದ ಕಾಳಿನ ಎರಡು ಪಟ್ಟು ತೂಕದ ನೀರು ಕುಡಿಯುವ ಕೋಳಿಗೆ ಕಡು ಬ್ಯಾಸಿಗೆಯಲ್ಲಿ ನಾಲ್ಕು ಪಟ್ಟು ಬೇಕು. ಅಷ್ಟು ನೀರು ತಂಪಾಗಿ ಸಿಗದಿದ್ದರೆ ಅರ್ಧ ದಿನದಲ್ಲಿ ಶೆಡ್ಡಿಗೆ ಶೆಡ್ಡೇ ನೆಲಕ್ಕೆ ಬೀಳುತ್ತದೆ.

ನಮ್ಮ ಕೈಲಾದದ್ದನ್ನು ನಾವು ಮಾಡಲೇಬೇಕು. ಟ್ಯಾಂಕಿಗೆ ಕಣಿಕೆಯ ಚಪ್ಪರ ಹಾಕಿ, ಹಸಿ ಗೋಣಿಚೀಲ ಸುತ್ತಿ. ಪೈಪನ್ನು ಮಣ್ಣಿನಲ್ಲಿ ಹೂಳಿ. ಮಧ್ಯಾಹ್ನ ಪೈಪಿನಲ್ಲಿ ನಿಂತ ಬಿಸಿನೀರನ್ನು ಹೊರಗೆ ಬಿಟ್ಟು ಹೊಸ ನೀರು ಹರಿಸಿ. ಹಿತ್ತಲಿನ ಜವಾರಿ ಕೋಳಿಗೆ ನೆರಳಿನಲ್ಲಿ ಮಣ್ಣಿನ ಪಾತ್ರೆಯೇ ಸಾಕು. ಬಿಸಿಲೇರಿದ ಮೇಲೆ ಕಾಳು ಹಾಕಬೇಡಿ. ಅರಗಿಸುವ ಶಾಖವೂ ಮೈಗೇ ಸೇರುತ್ತದೆ.

ಆದರೆ ಹಗಲು ಕರೆಂಟೇ ಇಲ್ಲದಿದ್ದರೆ ಬೋರಿನ ತಂಪು ನೀರು ಮೇಲೆ ಬರುವುದು ಹೇಗೆ? ಫ್ಯಾನು ತಿರುಗುವುದು ಹೇಗೆ? ಇಲ್ಲಿಂದ ಮುಂದಿನದು ರೈತನ ಜಾಣತನದ ಮಾತಲ್ಲ, ಸರ್ಕಾರದ ಮತ್ತು ಕಂಪನಿಗಳ ಹೊಣೆಯ ಮಾತು.

ಗುತ್ತಿಗೆ ಸಾಕಾಣಿಕೆಯಲ್ಲಿ ಮರಿ, ಆಹಾರ, ಔಷಧಿ ಕಂಪನಿಯವು. ಶೆಡ್ಡು, ನೀರು, ಕರೆಂಟು, ದುಡಿಮೆ ರೈತನವು. ಶೆಡ್ಡಿನ ಸಾಲವೂ ರೈತನದೇ. ಕೋಳಿ ಸತ್ತಷ್ಟೂ, ತೂಕ ಕುಸಿದಷ್ಟೂ ಅವನ ಕೂಲಿ ಕಡಿತವಾಗುತ್ತದೆ. ಬ್ಯಾಂಕಿನ ಕಂತು ಮಾತ್ರ ಒಂದು ರೂಪಾಯಿಯೂ ಇಳಿಯುವುದಿಲ್ಲ.

ಇನ್ನು ಸರ್ಕಾರದ ನ್ಯಾಯ ನೋಡಿ. ಕೇಂದ್ರವು 2022ರಲ್ಲಿ ಹೊರಡಿಸಿದ, 2025-26ರವರೆಗಿನ ವಿಪತ್ತು ಪರಿಹಾರ ನಿಯಮಗಳಲ್ಲಿ 12 ವಿಪತ್ತುಗಳ ಪಟ್ಟಿ ಇತ್ತು. ಅದರಲ್ಲಿ ಹಿಮ ಮತ್ತು ಚಳಿಗಾಳಿ ಇದ್ದವು, ಬಿಸಿಗಾಳಿ ಇರಲಿಲ್ಲ. ಪಟ್ಟಿಯಲ್ಲಿದ್ದ ವಿಪತ್ತಿಗೂ ಸಿಗುತ್ತಿದ್ದದ್ದು ಕೋಳಿಗೆ 100 ರೂ., ಕುಟುಂಬಕ್ಕೆ ಹೆಚ್ಚೆಂದರೆ 10,000 ರೂ. ಅಂದರೆ ನೂರು ಕೋಳಿಗೆ ಮಾತ್ರ. ಐದು ಸಾವಿರ ಕೋಳಿ ಸಾಕಿದವನ ಉಳಿದ ನಾಲ್ಕು ಸಾವಿರದ ಒಂಬೈನೂರು ಲೆಕ್ಕಕ್ಕೇ ಇಲ್ಲ. ಇದ್ಯಾವ ನ್ಯಾಯಾರೀ? ವಿಪತ್ತು ನಿಧಿಯ ಶೇ. 10ರವರೆಗೆ ಸ್ಥಳೀಯ ವಿಪತ್ತಿಗೆ ಬಳಸುವ ಅಧಿಕಾರ ಅದೇ ನಿಯಮಗಳಲ್ಲಿ ರಾಜ್ಯಗಳಿಗಿತ್ತು. ಬಿಸಿಲು ನಮ್ಮ ಭಾಗದ ಸ್ಥಳೀಯ ವಿಪತ್ತಲ್ಲದೆ ಮತ್ತೇನು?

ನಾವು ಕೇಳಬೇಕಾದದ್ದು ನಾಲ್ಕೇ. ಬಿಸಿಲಿಗೆ ಸತ್ತ ಕೋಳಿಗೆ ತಲೆಲೆಕ್ಕದಲ್ಲಿ ಪರಿಹಾರ. ಬ್ಯಾಸಿಗೆಯಲ್ಲಿ ಕೋಳಿ ಶೆಡ್ಡಿಗೆ ಹಗಲು ಕರೆಂಟು. ಬಿಸಿಲಿನ ಸಾವಿಗೆ ಕೂಲಿ ಕಡಿಯಕೂಡದೆಂಬ ಷರತ್ತು, ಕನ್ನಡದಲ್ಲಿ ಬರೆದ ಕರಾರಿನೊಳಗೆ. ನಷ್ಟವಾದ ವರ್ಷ ಕಂತು ಮುಂದಕ್ಕೆ.

ಕೋಳಿ ಸತ್ತ ದಿನವೇ ಎಣಿಸಿ, ಫೋಟೋ ತೆಗೆದು, ಪಶುವೈದ್ಯರನ್ನು ಕರೆಸಿ ಪಂಚನಾಮೆ ಬರೆಸಿ, ಆಮೇಲೆ ಹೂಳಿ. ಕಾಗದವಿಲ್ಲದ ಸಾವು ಕಚೇರಿಯ ಕಣ್ಣಿಗೆ ಕಾಣುವುದಿಲ್ಲ. ಒಬ್ಬೊಬ್ಬರೇ ಹೋಗಬೇಡಿ. ಮೂರೂ ತಾಲ್ಲೂಕಿನವರು ಕೂಡಿ, ಬ್ಯಾಸಿಗೆ ಬರುವ ಮುಂಚೆಯೇ ಹೋಗಿ ಕೇಳೋಣ.